ಸೈಪ್: ನೀರು ಕುಡಿಯದಿದ್ದರೂ ಎದೆಯಲ್ಲಿ ನೀರು

ಬೀದರಿನ ಕಾರಂಜಾ ಜಲಾಶಯವಿರಲಿ, ಯಾದಗಿರಿ ಕಡೆಯ ನಾರಾಯಣಪುರದ ಹಿನ್ನೀರಿರಲಿ, ಚೆನ್ನಾಗಿ ಈಜು ಬಲ್ಲವನೊಬ್ಬ ಅರ್ಧದಲ್ಲೇ ನಿಂತು ಕೆಮ್ಮತೊಡಗಿದರೆ ದಡದಲ್ಲಿದ್ದವರು ಹೇಳುವುದು ಒಂದೇ ಮಾತು: "ನೀರ್ ಕುಡ್ದಾನ ನೋಡು." ಬಹಳ ಸಲ ಅದು ನಿಜವೇ. ಆದರೆ ಒಂದು ಹನಿ ನೀರೂ ಗಂಟಲಿಗಿಳಿಯದೆ ಶ್ವಾಸಕೋಶ ಒಳಗಿನಿಂದಲೇ ತುಂಬಿಕೊಳ್ಳುವುದೂ ಉಂಟು. ಇದಕ್ಕೆ ಸೈಪ್ ಅಂತಾರೆ. ಪೂರ್ತಿ ಹೆಸರು ಸ್ವಿಮ್ಮಿಂಗ್ ಇಂಡ್ಯೂಸ್ಡ್ ಪಲ್ಮನರಿ ಎಡೀಮಾ, ಅಂದರೆ ಈಜಿನಿಂದ ಶ್ವಾಸಕೋಶದಲ್ಲಿ ನೀರು ತುಂಬುವುದು.

ಒಳಗೆ ಆಗುವುದೇನು? ನೆಲದ ಮೇಲೆ ನಿಂತಾಗ ಸಾಕಷ್ಟು ರಕ್ತ ಕಾಲಿನ ಕಡೆ ಇರುತ್ತದೆ. ನೀರಿಗಿಳಿದರೆ ಸುತ್ತಲಿನ ಒತ್ತಡ ಅದನ್ನು ಎದೆಯ ಕಡೆ ತಳ್ಳುತ್ತದೆ. ನೀರು ತಣ್ಣಗಿದ್ದರೆ ಕೈಕಾಲಿನ ರಕ್ತನಾಳಗಳು ಬಿಗಿದು ಇನ್ನೂ ಜಾಸ್ತಿ ರಕ್ತ ಅಲ್ಲಿಗೇ ಬರುತ್ತದೆ. ಅದರ ಮೇಲೆ ಜೋರಾಗಿ ಈಜುತ್ತಿದ್ದರೆ, ಬಿಗಿಯಾದ ವೆಟ್‌ಸೂಟ್ (ಮೈಗಂಟುವ ರಬ್ಬರಿನಂಥ ಈಜುಡುಗೆ) ಬೇರೆ ತೊಟ್ಟಿದ್ದರೆ, ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಒತ್ತಡ ಏರಿ, ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ಮೈ ಒಸರುತ್ತದಲ್ಲ ಹಾಗೆ, ರಕ್ತದ ನೀರಿನಂಶ ಗಾಳಿಗೂಡುಗಳೊಳಗೆ ಒಸರುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ನೀರು ಕೂತರೆ ದಮ್ಮು ಹತ್ತದೆ ಇರುತ್ತದಾ?

ಇದು ವಯಸ್ಸಾದವರಿಗೆ ಮಾತ್ರ ಬರುವ ತೊಂದರೆಯಲ್ಲ. 1995ರಲ್ಲಿ ಇಸ್ರೇಲಿನ ವೈದ್ಯರು ಸೇನೆಯ ತರಬೇತಿಯಲ್ಲಿದ್ದ 8 ಹುಡುಗರ ಬಗ್ಗೆ ಬರೆದರು. ಎಲ್ಲರೂ ಗಟ್ಟಿಮುಟ್ಟಾದವರು. ಸಮುದ್ರದಲ್ಲಿ 2.4 ಕಿಲೋಮೀಟರ್ ಈಜಿನಲ್ಲಿ ಅವರಿಗೆ ಉಸಿರು ಕಟ್ಟಿ, ಕೆಮ್ಮಿನ ಜೊತೆ ರಕ್ತ ಬಂತು. ನೀರಿಗಿಳಿಯುವ ಮುಂಚೆ ಅವರು ಸುಮಾರು 5 ಲೀಟರ್ ನೀರು ಕುಡಿದಿದ್ದರು. ಕಲಬುರಗಿ ಬಿಸಿಲಿನಲ್ಲಿ "ನೀರು ಕುಡೀರಿ, ನೀರು ಕುಡೀರಿ" ಅನ್ನುವುದು ಸರಿಯಾದ ಮಾತೇ, ಆದರೆ ದೂರದ ಈಜಿಗೆ ಮುಂಚೆ ಬಾಯಾರಿಕೆ ಇಲ್ಲದಿದ್ದರೂ ಬಾಟ್ಲಿ ಮೇಲೆ ಬಾಟ್ಲಿ ಕುಡಿದರೆ ಎದೆಯ ಮೇಲಿನ ಭಾರ ಹೆಚ್ಚುತ್ತದೆ ಅನ್ನುವುದನ್ನು ನಮ್ಮ ಹುಡುಗರಿಗೆ ಯಾರಾದರೂ ಹೇಳಬೇಕು.

ಗುರುತು ಹಿಡಿಯುವುದು ಹೇಗೆ? ಈಜಿನ ವೇಗಕ್ಕೆ ತಾಳೆಯಾಗದಷ್ಟು ಏದುಸಿರು. ನಿಲ್ಲದ ಕೆಮ್ಮು. ಉಸಿರಾಡಿದಾಗ ಎದೆಯಲ್ಲಿ ಗೊರಗೊರ ಸದ್ದು. ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ ಬಂತೆಂದರೆ ಸೈಪ್ ಅನುಮಾನ ಗಟ್ಟಿಯಾಯಿತು.

ಅಲ್ಲಿಗೆ ಈಜು ನಿಲ್ಲಿಸಬೇಕು. "ಇನ್ನೊಂದ್ ಸ್ವಲ್ಪ ದೂರ ಅಷ್ಟೇ" ಅಂತ ಎಳೆದಷ್ಟೂ ಒಸರುವುದು ಜಾಸ್ತಿಯಾಗುತ್ತದೆ. ಕೈ ಎತ್ತಿ ಕರೆಯಬೇಕು, ದೋಣಿಯನ್ನೋ ತೇಲುವ ಏನನ್ನಾದರೂ ಹಿಡಿಯಬೇಕು, ಬೇಗ ಹೊರಗೆ ಬರಬೇಕು. ಹೊರಗೆ ತಂದವರು ಮಾಡಬೇಕಾದ್ದು: ಅವರನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಮಲಗಿಸಿದರೆ ದಮ್ಮು ಇನ್ನೂ ಹೆಚ್ಚುತ್ತದೆ. ಬಿಗಿ ಬಟ್ಟೆ ಬಿಚ್ಚಿ, ಮೈ ಒರೆಸಿ, ಬೆಚ್ಚಗೆ ಹೊದಿಸಿ. 108ಕ್ಕೆ ಫೋನ್ ಮಾಡಿ. ಆಕ್ಸಿಜನ್ ಇದ್ದರೆ ಕೊಡಿ. ಕುಡಿಯಲು ಏನೂ ಬೇಡ. ಆಸ್ಪತ್ರೆಯಲ್ಲಿ ಬೇಕಾದರೆ ಸಿಪ್ಯಾಪ್ ಮಾಸ್ಕ್ ಹಾಕಿ ಒತ್ತಡದಲ್ಲಿ ಗಾಳಿ ಕೊಡುತ್ತಾರೆ, ಎಕ್ಸ್‌ರೇ, ಇಸಿಜಿ ಮಾಡುತ್ತಾರೆ, ಯಾಕಂದರೆ ಹಾರ್ಟ್ ಅಟ್ಯಾಕ್ ಕೂಡ ಹೀಗೇ ಕಾಣಬಹುದು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಶ್ವಾಸಕೋಶ ತಿಳಿಯಾಗುತ್ತದೆ.

ಪ್ರಜ್ಞೆ ತಪ್ಪಿ ಉಸಿರೇ ನಿಂತಿದ್ದರೆ ಕೂರಿಸುವ ಮಾತಿಲ್ಲ. ಅದು ಸೈಪ್ ಆಗಿರಲಿ, ನೀರಲ್ಲಿ ಮುಳುಗಿದ್ದಿರಲಿ, ಅಂಗಾತ ಮಲಗಿಸಿ ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು ಊದುವುದನ್ನು ಬಿಡದೆ ಮಾಡಬೇಕು. ಹೊಟ್ಟೆ ಅದುಮುವುದು, ತಲೆಕೆಳಗೆ ಮಾಡಿ ಹೊತ್ತು ತಿರುಗುವುದು, ಇವೆಲ್ಲ ಜೀವ ಉಳಿಸಬಹುದಾದ ಆ ಕೆಲವೇ ನಿಮಿಷಗಳನ್ನು ತಿಂದುಹಾಕುತ್ತವೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಸೋಶಿಯಲ್ ಮೀಡಿಯಾ ಮೆಸೇಜ್ ನಂಬಿ, ಮುಳುಗಿ ಸತ್ತ ಹುಡುಗ ಎದ್ದಾನು ಅಂತ ಅವನನ್ನು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಇಟ್ಟಿದ್ದರು. ಆ ತಂದೆ ತಾಯಿಯ ತಪ್ಪಲ್ಲ ಅದು. ಅಂಥ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಸುಮ್ನೆ ಇರಬೇಡಿ, ಸುಳ್ಳು ಅಂತ ಅಲ್ಲೇ ಬರೆಯಿರಿ.

ಸೈಪ್ ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಬಿಪಿ ಇರುವವರಿಗೆ ಅಪಾಯ ಜಾಸ್ತಿ, ಕೆಲವರಿಗೆ ಬಿಪಿ ಇರುವುದು ಗೊತ್ತಾಗುವುದೇ ಆಗ. ಹೃದಯ, ಬಿಪಿ ಎರಡನ್ನೂ ತೋರಿಸಿಕೊಂಡು, ಡಾಕ್ಟರ್ ಸರಿ ಅಂದಮೇಲಷ್ಟೇ ಮತ್ತೆ ನೀರಿಗಿಳಿಯಿರಿ, ಅದೂ ಜೊತೆಗೊಬ್ಬರು ಇದ್ದಾಗ.