ಅಟಿಲನ ಗಡಿ ಎಲ್ಲಿತ್ತು?

ಹೂಣರ ದೊರೆ ಅಟಿಲನ ಸಾಮ್ರಾಜ್ಯದ ನಕ್ಷೆ ನೋಡಿದ್ದೀರಾ? ರೈನ್ ನದಿಯಿಂದ ಕ್ಯಾಸ್ಪಿಯನ್ ಸಮುದ್ರದವರೆಗೆ, ಮೇಲೆ ಬಾಲ್ಟಿಕ್ ತೀರದವರೆಗೆ ಒಂದೇ ಬಣ್ಣ ಬಳಿದ ನಕ್ಷೆಗಳಿವೆ. ಉತ್ತರದ ಆ ಬಣ್ಣಕ್ಕೆ ಮುಖ್ಯ ಆಧಾರ ಒಂದು ಹರಟೆ ಅಂದ್ರೆ ನಂಬ್ತೀರಾ?

ಕ್ರಿ.ಶ. 449ರಲ್ಲಿ ಪೂರ್ವ ರೋಮಿನ ರಾಯಭಾರಿಗಳ ಜೊತೆ ಪ್ರಿಸ್ಕಸ್ ಎಂಬ ಬರಹಗಾರ ಅಟಿಲನ ಬಿಡಾರಕ್ಕೆ ಹೋದ. ಪಶ್ಚಿಮ ರೋಮಿನ ರಾಯಭಾರಿ ರೊಮುಲಸ್ ಅಲ್ಲಿ ಸಿಕ್ಕ. ಮಾತಿನ ನಡುವೆ ಆತ, ಅಟಿಲ ಇಡೀ ಸಿಥಿಯಾದ (ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲು ನಾಡು) ಜೊತೆಗೆ ಮಹಾಸಾಗರದ ದ್ವೀಪಗಳನ್ನೂ ಆಳುತ್ತಾನೆ ಎಂದ. ಯಾವ ದ್ವೀಪಗಳು? ಅದನ್ನು ಹೇಳಲಿಲ್ಲ. ಡೆನ್ಮಾರ್ಕಿನ ಕಡೆಯವು ಇರಬೇಕು ಎಂದು ಮುಂದೆ ಕೆಲವು ಇತಿಹಾಸಕಾರರು ಊಹಿಸಿದರು. ಒಟ್ಟೊ ಮೇಂಚೆನ್-ಹೆಲ್ಫೆನ್ ಅಂಥವರು ಇದನ್ನು ಒಪ್ಪಲಿಲ್ಲ. ನನಗೂ ಅನುಮಾನವೇ ಜಾಸ್ತಿ. ರೊಮುಲಸ್ಸನ ಅಳಿಯ ಒರೆಸ್ಟಿಸ್ ಅಟಿಲನ ಕಾರ್ಯದರ್ಶಿ. (ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಎನಿಸಿಕೊಂಡ ಹುಡುಗ ಈ ಒರೆಸ್ಟಿಸ್‌ನ ಮಗ!) ಯಜಮಾನನ ಬಗ್ಗೆ ಅಳಿಯನ ಮನೆಯಲ್ಲಿ ಕೇಳಿದ ಮಾತು ಸ್ವಲ್ಪ ಉಬ್ಬಿರೋದು ಸಹಜ, ಅಲ್ವಾ?

ಹಾಗಾದರೆ ನೆಲ ಅಗೆದು ನೋಡೋಣ. ಹೂಣರ ಕಂಚಿನ ದೊಡ್ಡ ಹಂಡೆಗಳು ಹಂಗೆರಿ, ರೊಮೇನಿಯಾದಲ್ಲಿ ಸಿಕ್ಕಿವೆ. ಪೋಲೆಂಡಿನ ಸೈಲೀಸಿಯಾದಲ್ಲೂ ಒಂದು ಸಿಕ್ಕಿದೆ. ಆದರೆ ಹಂಡೆ ಉಡುಗೊರೆಯಾಗಿ ಹೋಗಬಹುದು, ಲೂಟಿಯಾಗಿಯೂ ಹೋಗಬಹುದು. ಎಳೆಗೂಸಿನ ತಲೆಗೆ ಬಟ್ಟೆ ಬಿಗಿದು ಬುರುಡೆಯನ್ನು ಉದ್ದ ಮಾಡುವ ರೂಢಿಯೂ ಹೂಣರ ಗುರುತು ಎನ್ನುತ್ತಾರೆ. ಜರ್ಮನಿಯ ಬವೇರಿಯಾದಲ್ಲಿ ಸುಮಾರು ಕ್ರಿ.ಶ. 500ರ ಗೋರಿಗಳಲ್ಲಿ ಅಂಥ ಬುರುಡೆಯ ಹೆಂಗಸರು ಸಿಕ್ಕಿದರು. 2018ರ ಡಿಎನ್ಎ ಅಧ್ಯಯನ ನೋಡಿದರೆ, ಅವರಲ್ಲಿ ಹೆಚ್ಚಿನವರ ಮೂಲ ಆಗ್ನೇಯ ಯುರೋಪ್. ಅವರೆಲ್ಲ ದೂರದಿಂದ ಮದುವೆಯಾಗಿ ಬಂದವರಿರಬಹುದು. ಅಲ್ಲಿ ಹೂಣರ ಆಳ್ವಿಕೆ ಇತ್ತು ಅನ್ನೋದಕ್ಕೆ ಇದು ಸಾಕ್ಷಿ ಅಲ್ಲ.

ದಕ್ಷಿಣದಲ್ಲಿ ಮಾತ್ರ ಚಿತ್ರ ಸ್ಪಷ್ಟ. ಅಲ್ಲಿ ಲೆಕ್ಕ ಬರೆದಿಟ್ಟವರು ರೋಮನ್ನರು. 447ರ ಸೋಲಿನ ನಂತರ ಅವರು ವರ್ಷಕ್ಕೆ 2,100 ಪೌಂಡ್ ಚಿನ್ನ ಕೊಡಲು ಒಪ್ಪಬೇಕಾಯಿತು. ಡಾನ್ಯೂಬಿನ ದಕ್ಷಿಣಕ್ಕೆ ಐದು ದಿನದ ದಾರಿಯಷ್ಟು ಅಗಲದ ನೆಲ ಖಾಲಿ ಮಾಡಬೇಕು ಎಂದೂ ಅಟಿಲ ಪಟ್ಟು ಹಿಡಿದ. ಇಂದಿನ ಸೆರ್ಬಿಯಾದ ನಿಶ್ ಊರು ಗಡಿಯಾಗಬೇಕು, ಸಂತೆಯೂ ಅಲ್ಲೇ ನಡೆಯಬೇಕು ಎಂಬುದು ಅವನ ಬೇಡಿಕೆ.

ಉಳಿದ ಕಡೆ ಅವನು ಆಳಿದ್ದು ಜನರನ್ನು. ಗೆಪಿಡರು, ಗಾಥರು ಎಂಬ ಜರ್ಮಾನಿಕ್ ಪಂಗಡಗಳವರು ತಮ್ಮ ರಾಜರ ಕೈಕೆಳಗೇ ಇದ್ದರು. ಕರೆದಾಗ ಸೈನ್ಯ ತರುತ್ತಿದ್ದರು. 453ರಲ್ಲಿ ಅಟಿಲ ಸತ್ತ. ಮಕ್ಕಳು ಈ ಜನರನ್ನು ಪಾಲು ಮಾಡಿಕೊಳ್ಳಲು ಹೊರಟಾಗ ಗೆಪಿಡರ ರಾಜ ಆರ್ಡರಿಕ್ ತಿರುಗಿಬಿದ್ದ. ನೆಡಾವೊ ನದಿಯ ಬಳಿ ನಡೆದ ಯುದ್ಧದಲ್ಲಿ ಅಟಿಲನ ಹಿರಿಮಗ ಎಲ್ಲಾಕ್ ಸತ್ತುಬಿದ್ದ. ಗೆದ್ದ ಪಂಗಡಗಳು ತಮ್ಮ ತಮ್ಮ ದಾರಿ ಹಿಡಿದವು.