ಬೈಕ್ ಎಂಜಿನ್ ಎಷ್ಟು ಬಿಸಿಯಾದರೆ ಸರಿ?

ಪ್ರಶ್ನೆ: ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ನನ್ನ ಬೈಕಿನ ಮೀಟರ್‌ನಲ್ಲಿ ಕೂಲಂಟ್ 102 ಡಿಗ್ರಿ ಅಂತ ಬರುತ್ತೆ. ನೀರು ನೂರಕ್ಕೇ ಕುದಿಯುತ್ತಲ್ಲ, ಗಾಡಿ ಆಫ್ ಮಾಡಬೇಕಾ?

ಉತ್ತರ: ಬೇಡ. ರೇಡಿಯೇಟರ್‌ನಲ್ಲಿರುವುದು ಬರೀ ನೀರಲ್ಲ, ನೀರಿಗೆ ಗ್ಲೈಕಾಲ್ ಎಂಬ ದ್ರವ ಬೆರೆಸಿದ ಕೂಲಂಟ್. ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್, ಅಂದರೆ ಹೊರಗಿನ ಗಾಳಿಯದಕ್ಕಿಂತ ಅಷ್ಟೇ ಹೆಚ್ಚು, ಒತ್ತಡ ಹಿಡಿದಿಡುತ್ತದೆ. ಅರ್ಧಕ್ಕರ್ಧ ಮಿಶ್ರಣವಾದರೆ ಆ ಒತ್ತಡದಲ್ಲಿ 120 ದಾಟಿದರೂ ಕುದಿಯುವುದಿಲ್ಲ. ಓಡುವಾಗ 80ರಿಂದ 95, ನಿಂತಾಗ 100–105 ಇದ್ದರೆ ಬಹುತೇಕ ಲಿಕ್ವಿಡ್ ಕೂಲ್ಡ್ ಬೈಕುಗಳಿಗೆ ಅದು ಸಹಜ. ಫ್ಯಾನ್ ತಿರುಗುವುದೂ ನೂರರ ಆಸುಪಾಸಿನಲ್ಲೇ. 115 ದಾಟಿಯೂ ಏರುತ್ತಲೇ ಇದ್ದರೆ, ಇಲ್ಲವೇ ಎಚ್ಚರಿಕೆಯ ದೀಪ ಹೊತ್ತಿದರೆ, ಪಕ್ಕಕ್ಕೆ ಹಾಕಿ ಆಫ್ ಮಾಡಿ.

ಬಿಸಿ ಯಾವಾಗ ಏರುತ್ತದೆ ಎನ್ನುವುದರಲ್ಲೇ ಕಾರಣದ ಸುಳಿವಿದೆ. ಟ್ರಾಫಿಕ್‌ನಲ್ಲಿ ಮಾತ್ರ ಏರಿ, ಓಡಿಸಿದ ಕೂಡಲೇ ಇಳಿದರೆ ಮೊದಲು ಫ್ಯಾನನ್ನು ಅನುಮಾನಿಸಿ: ಫ್ಯೂಸ್, ರಿಲೇ, ಕನೆಕ್ಟರ್ ನೋಡಿಸಿ. ಹೈವೇಯಲ್ಲೂ ಏರಿದರೆ ಕೂಲಂಟ್ ಕಡಿಮೆಯಾಗಿರಬಹುದು, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟ್‌ಗೆ ರೇಡಿಯೇಟರ್ ದಾರಿ ತೆರೆಯುವ ಕವಾಟ) ತೆರೆಯದೆ ಸಿಕ್ಕಿಕೊಂಡಿರಬಹುದು, ವಾಟರ್ ಪಂಪ್ ಕೈಕೊಟ್ಟಿರಬಹುದು. ಮಲೆನಾಡಿನ ಮಳೆಯಲ್ಲಿ ಓಡಾಡಿದ ಗಾಡಿಯಾದರೆ ರೇಡಿಯೇಟರ್‌ನ ಸಂದುಗಳಲ್ಲಿ ಕೆಸರು ಒಣಗಿ ಗಾಳಿಯೇ ಹೋಗದಂತೆ ಮೆತ್ತಿಕೊಂಡಿರುತ್ತದೆ. ಸಣ್ಣ ಪೈಪಿನ ನೀರಲ್ಲಿ ನೆನೆಸಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಆ ತೆಳು ಪಟ್ಟಿಗಳನ್ನು ಮಡಚಿಬಿಡುತ್ತದೆ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒತ್ತಡ ಇಳಿದ ಕ್ಷಣವೇ ಕೂಲಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮಟ್ಟ ನೋಡಲು ರಿಸರ್ವ್ ಡಬ್ಬಿಯ ಮೇಲಿನ ಎರಡು ಗೆರೆಗಳು ಸಾಕು.

ಗಾಳಿಯಿಂದಲೇ ತಣ್ಣಗಾಗುವ ನೂರು ಸಿಸಿಯ ಏರ್ ಕೂಲ್ಡ್ ಗಾಡಿಗಳಲ್ಲಿ ಕೂಲಂಟ್ ಇಲ್ಲ, ಹಾಗಾಗಿ ಈ ಮೀಟರೇ ಇರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಎಂಜಿನ್ ಆಯಿಲ್: 90ರಿಂದ 120 ಡಿಗ್ರಿ ಒಳ್ಳೆಯದು. ಆಯಿಲ್ ಕಮ್ಮಿಯಿದ್ದರೆ ಈ ಎಂಜಿನ್‌ಗಳು ಬೇಗ ಕಾಯುತ್ತವೆ, ಏಕೆಂದರೆ ಒಳಗಿನ ಶಾಖ ಹೊರುವ ಕೆಲಸವೂ ಅದರದೇ.

ಜನ ಬಿಸಿಗೆ ಹೆದರುವಷ್ಟು ತಣ್ಣಗಿನ ಎಂಜಿನ್‌ಗೆ ಹೆದರುವುದಿಲ್ಲ, ಹೆದರಬೇಕು. ದಿನಾ ಎರಡೇ ಕಿಲೋಮೀಟರ್ ಓಡುವ ಬೈಕಿನ ಆಯಿಲ್ ಮುಚ್ಚಳ ತಿರುಗಿಸಿ ನೋಡಿ: ಒಳಗೆ ಹಾಲು ಬೆರೆತ ಕಾಫಿಯಂಥ ನೊರೆ ಅಂಟಿರುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟಿದ ನೀರಾವಿ ಸರಿಯಾಗಿ ಕಾಯದ ಆಯಿಲ್‌ನಲ್ಲೇ ಉಳಿದದ್ದು ಅದು. ವಾರಕ್ಕೊಮ್ಮೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ ಆ ನೀರು ಆವಿಯಾಗಿ ಹೋಗುತ್ತದೆ. ಮನೆ ಮುಂದೆ ನಿಲ್ಲಿಸಿಕೊಂಡು ರೇಸ್ ಮಾಡಿದರೆ ಹೋಗುವುದಿಲ್ಲ. ನೊರೆ ಆಮೇಲೂ ಬರುತ್ತಲೇ ಇದ್ದು, ಕೂಲಂಟ್ ಸಹ ಇಳಿಯುತ್ತಿದ್ದರೆ ಗ್ಯಾಸ್ಕೆಟ್ ಅಥವಾ ವಾಟರ್ ಪಂಪ್ ಸೀಲ್ ಹೋಗಿರಬಹುದು. ಆಗ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.