ಊಟದ ಮೇಜಿನ ಮೇಲೆ ಸಿಕ್ಕ ಸುಳಿವು

1972. ಷಿಕಾಗೋದ ಒಂದು ಮನೆ. ಊಟದ ಮೇಜಿನ ತುಂಬ ಕಪ್ಪುಬಿಳುಪು ಫೋಟೋಗಳು, ಜಾನೆಟ್ ರೌಲಿ ಕೈಯಲ್ಲಿ ಕತ್ತರಿ. ಒಂದೊಂದು ಫೋಟೋದಲ್ಲೂ ಒಂದು ಜೀವಕೋಶದ ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು, ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಒಂದೊಂದನ್ನೂ ಕತ್ತರಿಸಿ, ಅದರ ಜೋಡಿ ಹುಡುಕಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡಬೇಕು. ಮೇಜಿನ ಹತ್ತಿರ ಯಾರೂ ಸೀನಬಾರದೆಂದು ನಾಲ್ವರು ಗಂಡುಮಕ್ಕಳಿಗೆ ತಾಕೀತು. ಅಮ್ಮ ಕಾಗದದ ಗೊಂಬೆ ಆಡಿ ಸಂಬಳ ತರುತ್ತಾಳೆ ಎಂದು ಅವರು ಛೇಡಿಸುತ್ತಿದ್ದರಂತೆ.

ರೌಲಿ ಆಗ ವಾರಕ್ಕೆ ಕೆಲವೇ ದಿನ ಕೆಲಸಕ್ಕೆ ಹೋಗುತ್ತಿದ್ದ ವೈದ್ಯೆ. ಷಿಕಾಗೋ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಯಲ್ಲಿ 65 ಸೀಟಿಗೆ ಹೆಣ್ಣುಮಕ್ಕಳು ಮೂವರೇ ಎಂಬ ಮಿತಿ ಇತ್ತು. ಅದು ಭರ್ತಿಯಾಗಿದ್ದರಿಂದ ಒಂಬತ್ತು ತಿಂಗಳು ಕಾದು ಸೇರಿದವರು. ಪದವಿ ಪಡೆದ ಮರುದಿನವೇ ಮದುವೆ, ಆಮೇಲೆ ಮಕ್ಕಳು. ಗಂಡನ ಜೊತೆ ಆಕ್ಸ್‌ಫರ್ಡ್‌ಗೆ ಹೋದಾಗ ವರ್ಣತಂತುಗಳ ಅಧ್ಯಯನ ಕಲಿತುಬಂದರು. ಎರಡನೇ ಸಲ ಹೋದಾಗ, 1970ರ ಹೊತ್ತಿಗೆ, ಅಲ್ಲೊಂದು ಹೊಸ ವಿದ್ಯೆ ಬಂದಿತ್ತು: ವಿಶೇಷ ಬಣ್ಣ ಹಾಕಿದರೆ ವರ್ಣತಂತುಗಳ ಮೇಲೆ ಜಮಖಾನದ ಹಾಗೆ ಅಡ್ಡಪಟ್ಟೆಗಳು ಮೂಡುತ್ತವೆ. ಪ್ರತಿ ವರ್ಣತಂತುವಿಗೂ ಅದರದೇ ಪಟ್ಟೆ. ಅಲ್ಲಿಯವರೆಗೆ ಉದ್ದ, ಆಕಾರ ನೋಡಿ ಅಂದಾಜು ಮಾಡುತ್ತಿದ್ದವರಿಗೆ ಈಗ ಗುರುತು ಹಿಡಿಯಲು ಆಧಾರ ಸಿಕ್ಕಿತು.

ಇದಕ್ಕೆ ಮೊದಲೇ, 1960ರಲ್ಲಿ, ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಸಂಗತಿ ಕಂಡಿದ್ದರು. ಸಿಎಂಎಲ್ ಎಂಬ, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಇರುವವರ ಜೀವಕೋಶದಲ್ಲಿ ಒಂದು ವರ್ಣತಂತು ಮೊಟಕಾಗಿರುತ್ತದೆ. ಅದರ ತುಂಡು ಕಳೆದೇಹೋಗಿದೆ ಎಂದು ಎಲ್ಲರೂ ಭಾವಿಸಿದ್ದರು. ರೌಲಿ ಪಟ್ಟೆಗಳನ್ನು ನೋಡುತ್ತ ಹೋದಂತೆ 9ನೆಯ ವರ್ಣತಂತುವಿನ ತುದಿ ಇರಬೇಕಾದದ್ದಕ್ಕಿಂತ ಉದ್ದ ಕಂಡಿತು. ಇನ್ನೊಬ್ಬ ರೋಗಿಯಲ್ಲೂ ಹಾಗೆಯೇ, ಮತ್ತೊಬ್ಬರಲ್ಲೂ ಹಾಗೆಯೇ. ಮೊಟಕಾಗಿದ್ದ ಆ 22ನೆಯ ವರ್ಣತಂತುವಿನಿಂದ ಮುರಿದ ತುಂಡು ಎಲ್ಲೂ ಹೋಗಿರಲಿಲ್ಲ, 9ಕ್ಕೆ ಅಂಟಿಕೊಂಡಿತ್ತು. 1973ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 8 ಮತ್ತು 21ರ ನಡುವೆ ತುಂಡುಗಳ ಇಂಥದೇ ಅದಲುಬದಲನ್ನು ಅವರು ಅದಕ್ಕೂ ಮೊದಲೇ ಕಂಡಿದ್ದರು. 1977ರಲ್ಲಿ ಮತ್ತೊಂದು ಬಗೆಯಲ್ಲಿ 15 ಮತ್ತು 17ರದ್ದು ಸಿಕ್ಕಿತು.

ಕ್ಯಾನ್ಸರಿನಿಂದಾಗಿ ವರ್ಣತಂತು ಕೆಡುತ್ತದೆಯೇ ಹೊರತು ವರ್ಣತಂತು ಕೆಟ್ಟು ಕ್ಯಾನ್ಸರ್ ಬರುವುದಿಲ್ಲ ಎಂಬುದು ಆಗ ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ. ಒಂದೇ ಕಾಯಿಲೆಯಲ್ಲಿ ಮತ್ತೆಮತ್ತೆ ಒಂದೇ ಜಾಗದಲ್ಲಿ ಮುರಿತ ಏಕೆ ಎಂಬ ಪ್ರಶ್ನೆಯನ್ನು ರೌಲಿ ಬಿಡಲಿಲ್ಲ. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಪಟ್ಟು.

ಉತ್ತರ 1980ರ ದಶಕದಲ್ಲಿ ಸಿಕ್ಕಿತು. 9ರಲ್ಲಿರುವ ಎಬಿಎಲ್ ಎಂಬ ಜೀನ್ ಜೀವಕೋಶ ಬೆಳೆಯಲು ಸೂಚನೆ ಕೊಡುವ ಕಿಣ್ವವೊಂದನ್ನು ತಯಾರಿಸುತ್ತದೆ. ಬೇಕಾದಾಗ ಕೆಲಸ, ಬೇಡವಾದಾಗ ಸುಮ್ಮನೆ. ತುಂಡುಗಳ ಅದಲುಬದಲಿನಲ್ಲಿ ಆ ಜೀನ್ ಮುರಿದು 22ರ ಬಿಸಿಆರ್ ಜೀನಿಗೆ ಕೂಡಿಕೊಂಡರೆ ಆ ಕಿಣ್ವಕ್ಕೆ ಸುಮ್ಮನಾಗುವುದೇ ಗೊತ್ತಿಲ್ಲ. ಅಸ್ಥಿಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಹುಟ್ಟುತ್ತಲೇ ಹೋಗುತ್ತವೆ. ಕಿಣ್ವಕ್ಕೆ ಶಕ್ತಿ ಕೊಡುವ ಎಟಿಪಿ ಬಂದು ಕೂರುವ ಜಾಗದಲ್ಲಿ ಮದ್ದಿನ ಅಣುವನ್ನೇ ಕೂರಿಸಿದರೆ? ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಔಷಧ ಕಂಪನಿಯಲ್ಲಿದ್ದ ನಿಕೊಲಸ್ ಲೈಡನ್ ತಂಡ ಅಂಥ ಅಣುಗಳನ್ನು ತಯಾರಿಸಿತು, ಅಮೆರಿಕದ ವೈದ್ಯ ಬ್ರಯನ್ ಡ್ರೂಕರ್ ಅವುಗಳಲ್ಲಿ ಒಂದನ್ನು ಆರಿಸಿ ಹಠ ಹಿಡಿದರು. ಅದೇ ಇಮಾಟಿನಿಬ್. 1998ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಆರಂಭವಾಯಿತು. ಅಲ್ಲಿಯವರೆಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದು ಫಲ ಕೊಡದಿದ್ದವರಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದ 54 ಜನರ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಯಾಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಮಾರಾಟಕ್ಕೆ ಅನುಮತಿ ಕೊಟ್ಟಿತು.

ಮದ್ದು ಇದ್ದರೆ ಸಾಲದು, ಕೊಳ್ಳಲು ಆಗಬೇಕು. ಇಮಾಟಿನಿಬ್‌ನ ಗ್ಲಿವೆಕ್ ಹೆಸರಿನ ಮೂಲ ಮಾತ್ರೆಗೆ ನಮ್ಮಲ್ಲಿ ತಿಂಗಳಿಗೆ ಲಕ್ಷ ರೂಪಾಯಿಗೂ ಹೆಚ್ಚು ಬೀಳುತ್ತಿತ್ತು. ಭಾರತದ ಕಂಪನಿಗಳ ಜೆನೆರಿಕ್ ಮಾತ್ರೆಗೆ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಗ್ಲಿವೆಕ್ ತಯಾರಿಸುವ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಮನವಿಯನ್ನು ತಳ್ಳಿಹಾಕಿದ್ದರಿಂದ ಆ ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ರೌಲಿ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ, 88ನೇ ವಯಸ್ಸಿನಲ್ಲಿ.

ಈಗ ಬೆಂಗಳೂರಿನಲ್ಲಿ ಸಿಎಂಎಲ್ ರೋಗಿಯೊಬ್ಬರು ಊಟವಾದ ಮೇಲೆ ದೊಡ್ಡ ಲೋಟದ ತುಂಬ ನೀರಿನೊಂದಿಗೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಕೆಲವು ತಿಂಗಳಿಗೊಮ್ಮೆ ರಕ್ತ ಕೊಟ್ಟರೆ ಲ್ಯಾಬಿನಿಂದ ವರದಿ ಬರುತ್ತದೆ. ಅದರಲ್ಲಿ ಬಿಸಿಆರ್-ಎಬಿಎಲ್ ಎಂದು ಬರೆದು, ಮುಂದೆ ಶೇಕಡಾ ಲೆಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ 9 ಮತ್ತು 22 ಕೂಡಿಕೊಂಡ ಜೀನಿನ ಗುರುತು ರಕ್ತದಲ್ಲಿ ಇನ್ನೂ ಎಷ್ಟು ಉಳಿದಿದೆ ಎಂಬುದರ ಲೆಕ್ಕ ಅದು.